ಏಕದಳ ಧಾನ್ಯಗಳ ಸಂಗ್ರಹ ಸಸಾರಜನಕ: ವಂಶವಾಹಿ, ರಚನೆ ಮತ್ತು ಕ್ಯೂಪಿಎಂ ಮೆಕ್ಕೆಜೋಳ

ಧಾನ್ಯವೊಂದರ ಪೌಷ್ಟಿಕತೆಯ ಮಾತು ಬಂದಾಗ ರೈತ ಬಾಂಧವರೂ ವಿಸ್ತರಣಾ ಕಾರ್ಯಕರ್ತರೂ ಸಾಮಾನ್ಯವಾಗಿ ಕೇಳುವ ಪ್ರಶ್ನೆ, 'ಇದರಲ್ಲಿ ಸಸಾರಜನಕ ಶೇಕಡಾ ಎಷ್ಟಿದೆ?' ಎಂಬುದು. ಈ ಪ್ರಶ್ನೆಯಿಂದ ಅರ್ಧ ಉತ್ತರ ಮಾತ್ರ ದೊರೆಯುತ್ತದೆ. ಮೆಕ್ಕೆಜೋಳದ ಕಾಳಿನಲ್ಲಿ ಅಕ್ಕಿಗಿಂತ ಹೆಚ್ಚು ಸಸಾರಜನಕವಿದ್ದರೂ ದೇಹಕ್ಕೆ ಹೆಚ್ಚು ಒದಗುವುದು ಅಕ್ಕಿಯ ಸಸಾರಜನಕವೇ. ಕಾಳು ತನ್ನೊಳಗೆ ಎಷ್ಟು ಸಸಾರಜನಕವನ್ನು ಕೂಡಿಟ್ಟಿದೆ ಎಂಬುದರ ಜೊತೆಗೆ ಯಾವ ಬಗೆಯದನ್ನು ಕೂಡಿಟ್ಟಿದೆ ಎಂಬುದೂ ಮುಖ್ಯ. ಆ ಬಗೆಯನ್ನು ನಿರ್ಧರಿಸುವುದು ವಂಶವಾಹಿಗಳು. ಗುಣಮಟ್ಟದ ಸಸಾರಜನಕ ಮೆಕ್ಕೆಜೋಳ, ಅಂದರೆ ಕ್ಯೂಪಿಎಂ ಬೆಳೆಯುವವರಿಗೆ ಇನ್ನೊಂದು ಸಂಗತಿ ತಿಳಿದಿರಲೇಬೇಕು: ಅವರ ಹೊಲದ ಕಾಳಿನ ಗುಣವನ್ನು ಅವರು ಬಿತ್ತಿದ ಬೀಜ ಮಾತ್ರವಲ್ಲದೆ ಪಕ್ಕದ ಹೊಲದಿಂದ ಹಾರಿ ಬರುವ ಪರಾಗವೂ ನಿರ್ಧರಿಸುತ್ತದೆ.

ಸಂಗ್ರಹ ಸಸಾರಜನಕ ಎಂದರೇನು?

ಏಕದಳ ಧಾನ್ಯದ ಕಾಳಿನಲ್ಲಿ ಮೂರು ಭಾಗಗಳಿವೆ: ಹೊರಗಿನ ಸಿಪ್ಪೆ, ಮೊಳಕೆಯಾಗುವ ಭ್ರೂಣ ಮತ್ತು ಆ ಮೊಳಕೆಗೆ ಬುತ್ತಿಯಾಗಿರುವ ಭ್ರೂಣಾಹಾರ. ಮೆಕ್ಕೆಜೋಳದ ಕಾಳಿನ ತೂಕದಲ್ಲಿ ಶೇ. 80ಕ್ಕೂ ಹೆಚ್ಚು ಪಾಲು ಭ್ರೂಣಾಹಾರದ್ದು. ಅದರ ಬಹುಭಾಗ ಪಿಷ್ಟ. ಪಿಷ್ಟದ ಹರಳುಗಳ ನಡುವೆ ಸಣ್ಣ ಗುಳಿಗೆಗಳ ರೂಪದಲ್ಲಿ ಸಸಾರಜನಕ ಅಡಕವಾಗಿರುತ್ತದೆ. ಬೀಜ ಮೊಳೆಯುವಾಗ ಕಿಣ್ವಗಳು ಈ ಗುಳಿಗೆಗಳನ್ನು ಒಡೆದು, ಬೇರು ಮಣ್ಣು ಹಿಡಿಯುವವರೆಗೆ ಸಸಿಗೆ ಸಾರಜನಕವನ್ನು ಒದಗಿಸುತ್ತವೆ. ಸಸ್ಯದ ಉದ್ದೇಶ ಇಷ್ಟೇ. ಮನುಷ್ಯನಿಗೋ ಕೋಳಿಗೋ ಯಾವ ಅಮೈನೋ ಆಮ್ಲ ಎಷ್ಟು ಬೇಕೆಂಬ ಲೆಕ್ಕ ಅದಕ್ಕಿಲ್ಲ.

ಅಮೆರಿಕದ ಕನೆಕ್ಟಿಕಟ್ ಕೃಷಿ ಪ್ರಯೋಗ ಕೇಂದ್ರದ ಥಾಮಸ್ ಆಸ್ಬೋರ್ನ್ ಅವರು ಸುಮಾರು ನೂರು ವರ್ಷಗಳ ಹಿಂದೆ, ಬೀಜದ ಸಸಾರಜನಕಗಳನ್ನು ಅವು ಯಾವುದರಲ್ಲಿ ಕರಗುತ್ತವೆ ಎಂಬುದರ ಮೇಲೆ ನಾಲ್ಕು ಗುಂಪುಗಳಾಗಿ ವಿಂಗಡಿಸಿದರು. ನೀರಿನಲ್ಲಿ ಕರಗುವುದು ಆಲ್ಬುಮಿನ್, ಉಪ್ಪುನೀರಿನಲ್ಲಿ ಕರಗುವುದು ಗ್ಲೋಬ್ಯುಲಿನ್, ನೀರು ಬೆರೆಸಿದ ಮದ್ಯಸಾರದಲ್ಲಿ ಕರಗುವುದು ಪ್ರೋಲಮಿನ್, ದುರ್ಬಲ ಕ್ಷಾರ ಅಥವಾ ಆಮ್ಲದಲ್ಲಿ ಕರಗುವುದು ಗ್ಲುಟೆಲಿನ್. ಪ್ರಯೋಗಾಲಯಗಳಲ್ಲಿ ಇಂದಿಗೂ ಇದೇ ವಿಂಗಡಣೆ ಬಳಕೆಯಲ್ಲಿದೆ. ಈ ನಾಲ್ಕರಲ್ಲಿ ನಾವು ಮುಖ್ಯವಾಗಿ ಗಮನಿಸಬೇಕಾದದ್ದು ಪ್ರೋಲಮಿನ್. ಪ್ರೋಲಿನ್ ಮತ್ತು ಗ್ಲುಟಮಿನ್ ಎಂಬ ಅಮೈನೋ ಆಮ್ಲಗಳು ಇದರಲ್ಲಿ ಹೇರಳವಾಗಿವೆ. ಲೈಸಿನ್ ತೀರಾ ಕಡಿಮೆ.

ಲೈಸಿನ್ ಅನ್ನು ಮನುಷ್ಯನ ದೇಹವಾಗಲಿ, ಕೋಳಿ ಹಂದಿಗಳ ದೇಹವಾಗಲಿ ತಯಾರಿಸಿಕೊಳ್ಳಲಾರದು; ಆಹಾರದಿಂದಲೇ ಬರಬೇಕು. ಜೋಡಿ ಎತ್ತುಗಳಲ್ಲಿ ನಿಧಾನದ ಎತ್ತು ನಡೆದಷ್ಟೇ ನೇಗಿಲು ಸಾಗುವಂತೆ, ಅತ್ಯಂತ ಕೊರತೆಯಿರುವ ಅಮೈನೋ ಆಮ್ಲ ಎಷ್ಟಿದೆಯೋ ಅಷ್ಟರ ಮಟ್ಟಿಗೆ ಮಾತ್ರ ಉಳಿದವು ದೇಹದ ಬೆಳವಣಿಗೆಗೆ ಬಳಕೆಯಾಗುತ್ತವೆ. ಏಕದಳ ಧಾನ್ಯಗಳಲ್ಲಿ ಆ ನಿಧಾನದ ಎತ್ತು ಲೈಸಿನ್. ಮೆಕ್ಕೆಜೋಳದಲ್ಲಿ ಅದರೊಡನೆ ಟ್ರಿಪ್ಟೊಫಾನ್ ಕೊರತೆಯೂ ಸೇರಿಕೊಂಡಿದೆ. 1914ರಲ್ಲಿ ಆಸ್ಬೋರ್ನ್ ಮತ್ತು ಲಫಾಯೆಟ್ ಮೆಂಡೆಲ್ ಅವರು ಮೆಕ್ಕೆಜೋಳದ ಪ್ರೋಲಮಿನ್ ಒಂದನ್ನೇ ಸಸಾರಜನಕವಾಗಿ ಕೊಟ್ಟು ಇಲಿಗಳನ್ನು ಸಾಕಿ ನೋಡಿದರು, ಇಲಿಗಳು ಬೆಳೆಯಲಿಲ್ಲ. ಅದೇ ಆಹಾರಕ್ಕೆ ಲೈಸಿನ್ ಮತ್ತು ಟ್ರಿಪ್ಟೊಫಾನ್ ಎರಡನ್ನೂ ಸೇರಿಸಿದಾಗ ಬೆಳೆದವು.

ಬೆಳೆಯಿಂದ ಬೆಳೆಗೆ ವ್ಯತ್ಯಾಸ

ಭತ್ತ ಈ ಗುಂಪಿನಲ್ಲಿ ಬೇರೆಯೇ ಸ್ವಭಾವದ್ದು. ಅಕ್ಕಿಯ ಸಸಾರಜನಕದ ಹೆಚ್ಚಿನ ಪಾಲು ಗ್ಲುಟೆಲಿನ್ ಆಗಿದ್ದು, ಇದರ ವಂಶವಾಹಿಗಳು ದ್ವಿದಳ ಧಾನ್ಯಗಳ ಗ್ಲೋಬ್ಯುಲಿನ್ ವಂಶವಾಹಿಗಳ ಹತ್ತಿರದ ಸಂಬಂಧಿಗಳು. ಆದ್ದರಿಂದಲೇ ಅಕ್ಕಿಯಲ್ಲಿ ಸಸಾರಜನಕದ ಪ್ರಮಾಣ ಸುಮಾರು ಶೇ. 7ರಷ್ಟೇ ಇದ್ದರೂ ಗುಣ ಉತ್ತಮ. ಓಟ್ಸ್ ಧಾನ್ಯದಲ್ಲಿಯೂ ಗ್ಲೋಬ್ಯುಲಿನ್‌ನದೇ ಮೇಲುಗೈ.

ಗೋಧಿಯಲ್ಲಿ ಪ್ರೋಲಮಿನ್ ಭಾಗಕ್ಕೆ ಗ್ಲಯಾಡಿನ್ ಎಂದೂ, ಉದ್ದ ಸರಪಳಿಗಳಾಗಿ ಹೆಣೆದುಕೊಳ್ಳುವ ಭಾಗಕ್ಕೆ ಗ್ಲುಟೆನಿನ್ ಎಂದೂ ಹೆಸರು. ಇವೆರಡೂ ನೀರಿನೊಡನೆ ಕಲಸಿಕೊಂಡಾಗ ಆಗುವುದೇ ಗ್ಲುಟೆನ್ ಎಂಬ ಜಿಗುಟು. ಹಿಟ್ಟು ಎಷ್ಟು ಹಿಗ್ಗುತ್ತದೆ, ಎಷ್ಟು ಬಿಗಿಯಾಗಿ ನಿಲ್ಲುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವ ಗ್ಲುಟೆನಿನ್ ವಂಶವಾಹಿಗಳು ಬ್ರೆಡ್ ಗೋಧಿಯ 1ಎ, 1ಬಿ ಮತ್ತು 1ಡಿ ವರ್ಣತಂತುಗಳ ಮೇಲಿವೆ. ಅವುಗಳಲ್ಲಿ 1ಡಿ ಮೇಲಿನ '5+10' ಜೋಡಿಯಿರುವ ತಳಿ ಬ್ರೆಡ್ಡಿಗೆ ಹೆಸರುವಾಸಿ. ಉತ್ತರ ಕರ್ನಾಟಕದ ಡ್ಯೂರಂ ಗೋಧಿಯಲ್ಲಾಗಲಿ, ಕಪ್ಲಿ ಅಥವಾ ಸದಕ ಎಂದು ಕರೆಯುವ ಡೈಕೋಕಂ ಗೋಧಿಯಲ್ಲಾಗಲಿ ಡಿ ವರ್ಣತಂತುಗಳ ಗುಂಪೇ ಇಲ್ಲ. ಬ್ರೆಡ್ಡಿನಂತೆ ಉಬ್ಬಲು ಅವು ಅಷ್ಟಾಗಿ ಒದಗದಿರುವುದಕ್ಕೆ ಇದೊಂದು ಮುಖ್ಯ ಕಾರಣ. ಹುಗ್ಗಿ, ಮಾದಲಿ, ಶಾವಿಗೆಗೆ ಅವು ಚೆನ್ನಾಗಿ ಒದಗುತ್ತವೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ಕಪ್ಲಿ ಗೋಧಿಯಲ್ಲಿ ಗ್ಲುಟೆನ್ ಇಲ್ಲವೆಂಬ ಪ್ರಚಾರ ಕೆಲವೆಡೆ ನಡೆದಿದೆ. ಅದು ತಪ್ಪು. ಸೀಲಿಯಾಕ್ ಕಾಯಿಲೆ ಇರುವವರು ಕಪ್ಲಿಯನ್ನೂ ಸೇವಿಸಬಾರದು. ಈ ಧಾನ್ಯವನ್ನು ಮಾರುವ ರೈತರು ಮತ್ತು ಸಂಘಗಳು ಚೀಲದ ಮೇಲೆ ಅಂತಹ ಮಾತನ್ನು ಅಚ್ಚು ಹಾಕಿಸಬಾರದೆಂದು ವಿನಂತಿ.

ಜೋಳದ ಪ್ರೋಲಮಿನ್‌ಗೆ ಕಾಫಿರಿನ್ ಎಂದು ಹೆಸರು. ಇದು ಮೆಕ್ಕೆಜೋಳದ ಪ್ರೋಲಮಿನ್‌ನ ಹತ್ತಿರದ ಬಂಧು. ನೀರಿನಲ್ಲಿ ಬೇಯಿಸಿದಾಗ ಕಾಫಿರಿನ್ ಗುಳಿಗೆಗಳ ಹೊರಪದರದಲ್ಲಿ ಗಂಧಕದ ಕೊಂಡಿಗಳು ಬಿಗಿದುಕೊಳ್ಳುವುದರಿಂದ ಜೋಳದ ಸಸಾರಜನಕ ಜೀರ್ಣವಾಗುವ ಪ್ರಮಾಣ ಕಡಿಮೆಯಾಗುತ್ತದೆ. ಹುದುಗು ಬರಿಸಿದಾಗ ಇದು ಸ್ವಲ್ಪ ಸುಧಾರಿಸುತ್ತದೆ. ಅಂಬಲಿ ಮಾಡುವ ಕ್ರಮವನ್ನು ನಮ್ಮ ಮನೆಗಳಲ್ಲಿ ಬಿಡದಿರುವುದು ಈ ದೃಷ್ಟಿಯಿಂದಲೂ ಒಳ್ಳೆಯದು. ರಾಗಿಯಲ್ಲಿ ಸಸಾರಜನಕ ಸುಮಾರು ಶೇ. 7 ಮಾತ್ರ. ಅಲ್ಲಿಯೂ ಲೈಸಿನ್ ಕಡಿಮೆಯೇ. ಆದರೆ ಮೆಥಿಯೊನಿನ್ ಚೆನ್ನಾಗಿದೆ.

ಝೀನ್: ಮೆಕ್ಕೆಜೋಳದ ಸಂಗ್ರಹ ಸಸಾರಜನಕ

ಮೆಕ್ಕೆಜೋಳದ ಪ್ರೋಲಮಿನ್‌ಗೆ ಝೀನ್ ಎಂದು ಹೆಸರು. ಭ್ರೂಣಾಹಾರದ ಸಸಾರಜನಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇದರದೇ. ಆಲ್ಫಾ, ಬೀಟಾ, ಗಾಮಾ, ಡೆಲ್ಟಾ ಎಂಬ ನಾಲ್ಕು ಬಗೆಯ ಝೀನ್‌ಗಳಿದ್ದು, ಇವುಗಳಲ್ಲಿ ಆಲ್ಫಾ ಅತಿ ಹೆಚ್ಚು. ಸಸಾರಜನಕವೆಂದರೆ ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರ ಎಂದುಕೊಳ್ಳಿ. ಆಲ್ಫಾ ಝೀನ್ ಸರದಲ್ಲಿ ಸುಮಾರು ಇಪ್ಪತ್ತು ಮಣಿಗಳ ಒಂದೇ ಬಗೆಯ ತುಂಡು ಮತ್ತೆ ಮತ್ತೆ ಬರುತ್ತದೆ. ಆ ತುಂಡಿನಲ್ಲಿ ಗ್ಲುಟಮಿನ್, ಲ್ಯೂಸಿನ್, ಅಲನಿನ್, ಪ್ರೋಲಿನ್ ತುಂಬಿವೆ. ಲೈಸಿನ್ ಮಣಿ ಇಲ್ಲವೆಂದೇ ಹೇಳಬೇಕು. ಇಂತಹ ಸರವನ್ನು ಕಾಳು ಎಷ್ಟು ಹೆಚ್ಚು ತುಂಬಿಕೊಂಡರೂ ಲೈಸಿನ್ ಹೆಚ್ಚುವುದಿಲ್ಲ.

ಆಲ್ಫಾ ಝೀನ್ ಸರಗಳು ಗುಳಿಗೆಯ ಒಳಗೆ ಒತ್ತಾಗಿ ಕೂಡಿರುತ್ತವೆ. ಗಾಮಾ ಝೀನ್‌ನಲ್ಲಿ ಗಂಧಕವುಳ್ಳ ಸಿಸ್ಟೀನ್ ಹೆಚ್ಚಾಗಿರುವುದರಿಂದ ಅದು ಕೊಂಡಿ ಹಾಕಿಕೊಂಡು ಗುಳಿಗೆಯ ಹೊರಗೋಡೆಯಾಗುತ್ತದೆ. ಇಂತಹ ಗುಳಿಗೆಗಳು ಪಿಷ್ಟದ ಹರಳುಗಳ ನಡುವಿನ ಸಂದುಗಳನ್ನು ತುಂಬಿ ಗಾರೆಯಂತೆ ಹಿಡಿದಿಟ್ಟಾಗ ಕಾಳು ಗಟ್ಟಿಯಾಗುತ್ತದೆ, ಗಾಜಿನಂತೆ ಹೊಳೆಯುತ್ತದೆ. ಗುಳಿಗೆಗಳು ಚಿಕ್ಕದಾಗಿ ವಿರಳವಾದರೆ ಕಾಳು ಸುಣ್ಣದಂತೆ ಬೆಳ್ಳಗೆ, ಮೆತ್ತಗೆ ಇರುತ್ತದೆ. ಝೀನ್ ಕಡಿಮೆಯಾದರೆ ಪೋಷಣೆ ಹೆಚ್ಚುತ್ತದೆ, ಆದರೆ ಕಾಳಿನ ಗಟ್ಟಿತನ ಕುಗ್ಗುತ್ತದೆ. ತಳಿ ವಿಜ್ಞಾನಿಗಳನ್ನು ದಶಕಗಳ ಕಾಲ ಕಾಡಿದ ತೊಡಕು ಇದೇ.

ವಂಶವಾಹಿಗಳ ವಿಷಯಕ್ಕೆ ಬಂದರೆ, ಆಲ್ಫಾ ಝೀನ್‌ಗೆ ಒಂದೆರಡಲ್ಲ, ಹಲವು ಹತ್ತು ಪ್ರತಿಗಳಿವೆ. ಅವುಗಳ ಪೈಕಿ ಇಪ್ಪತ್ತಕ್ಕೂ ಹೆಚ್ಚು ಪ್ರತಿಗಳು ನಾಲ್ಕನೆಯ ವರ್ಣತಂತುವಿನ ಒಂದೇ ಕಡೆ ಸಾಲಾಗಿ ಕುಳಿತಿವೆ. ಇಷ್ಟೊಂದು ಪ್ರತಿಗಳನ್ನು ಒಂದೊಂದಾಗಿ ತೆಗೆದುಹಾಕುವುದು ಸಾಂಪ್ರದಾಯಿಕ ತಳಿ ಅಭಿವೃದ್ಧಿಯಲ್ಲಿ ಅಸಾಧ್ಯ. ಆದರೆ ಇವುಗಳಿಗೆ ಮೇಸ್ತ್ರಿಯಂತೆ ಆದೇಶ ಕೊಡುವ ಬೇರೊಂದು ವಂಶವಾಹಿ ಏಳನೆಯ ವರ್ಣತಂತುವಿನ ಮೇಲಿದೆ. ಅದರ ಹೆಸರು ಒಪೇಕ್-2. ಮೇಸ್ತ್ರಿ ಕೆಲಸಕ್ಕೆ ಬಾರದ ದಿನ ಕೂಲಿಯಾಳುಗಳ ಕೆಲಸ ನಿಲ್ಲುವಂತೆ, ಈ ವಂಶವಾಹಿ ಕೆಟ್ಟ ಗಿಡದಲ್ಲಿ ಆಲ್ಫಾ ಝೀನ್ ತಯಾರಿ ಬಹಳ ಕುಗ್ಗುತ್ತದೆ. ಆ ಜಾಗವನ್ನು ಲೈಸಿನ್ ಇರುವ ಇತರ ಸಸಾರಜನಕಗಳು ತುಂಬುತ್ತವೆ. ಕಾಳಿನಲ್ಲಿ ಲೈಸಿನ್ ಅನ್ನು ಒಡೆಯುವ ಕಿಣ್ವವೂ ಇದೇ ವಂಶವಾಹಿಯ ಹತೋಟಿಯಲ್ಲಿರುವುದರಿಂದ, ಲೈಸಿನ್ ನಷ್ಟವೂ ತಗ್ಗುತ್ತದೆ.

ಒಪೇಕ್-2ರ ಈ ಗುಣವನ್ನು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಎಡ್ವಿನ್ ಮರ್ಟ್ಜ್, ಲಿನ್ ಬೇಟ್ಸ್ ಮತ್ತು ಆಲಿವರ್ ನೆಲ್ಸನ್ 1964ರಲ್ಲಿ ಪ್ರಕಟಿಸಿದರು. ಸಾಮಾನ್ಯ ಮೆಕ್ಕೆಜೋಳದ ಭ್ರೂಣಾಹಾರದ ಸಸಾರಜನಕದಲ್ಲಿ ಲೈಸಿನ್ ಸುಮಾರು ಶೇ. 2, ಟ್ರಿಪ್ಟೊಫಾನ್ ಸುಮಾರು ಶೇ. 0.4 ಇದ್ದರೆ, ಒಪೇಕ್-2 ಕಾಳಿನಲ್ಲಿ ಎರಡೂ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತವೆ. ಒಂದು ಕ್ವಿಂಟಾಲ್ ಕಾಳಿನ ಭ್ರೂಣಾಹಾರದಲ್ಲಿ 7 ಕಿ.ಗ್ರಾಂ. ಸಸಾರಜನಕವಿದೆ ಎಂದು ಹಿಡಿದರೆ, ಅದರಲ್ಲಿ ದೊರೆಯುವ ಲೈಸಿನ್ 140 ಗ್ರಾಂನಿಂದ 280 ಗ್ರಾಂಗೆ ಏರಿದಂತೆ. ಸಸಾರಜನಕದ ಒಟ್ಟು ಶೇಕಡಾವಾರು ಇದರಿಂದ ಬದಲಾಗಬೇಕಾಗಿಯೇ ಇಲ್ಲ.

ಭಾರತದಲ್ಲಿ 1970ರ ಸುಮಾರಿಗೆ ಶಕ್ತಿ, ರತ್ತನ್, ಪ್ರೊಟಿನಾ ಎಂಬ ಮೂರು ಒಪೇಕ್-2 ಸಂಯುಕ್ತ ತಳಿಗಳು ಬಿಡುಗಡೆಯಾದವು. ರೈತರು ಅವನ್ನು ಒಪ್ಪಲಿಲ್ಲ. ಕಾಳು ಮೆತ್ತಗಿತ್ತು, ತೂಕ ಕಡಿಮೆ, ಒಣಗಲು ತಡ. ಕಣಜದಲ್ಲಿ ಮೂತಿ ಹುಳು ಬೇಗ ಹಿಡಿಯುತ್ತಿತ್ತು. ಪೌಷ್ಟಿಕತೆಯ ಹೆಸರಿನಲ್ಲಿ ಇಳುವರಿ ಬಿಟ್ಟುಕೊಡಿ ಎಂದು ರೈತನನ್ನು ಕೇಳುವುದು ನ್ಯಾಯವೂ ಅಲ್ಲ, ಅದು ನಡೆಯುವಂಥದ್ದೂ ಅಲ್ಲ.

ಮೆಕ್ಸಿಕೋದ ಸಿಮ್ಮಿಟ್ ಸಂಸ್ಥೆಯಲ್ಲಿ ಭಾರತದವರಾದ ಸುರಿಂದರ್ ವಾಸಲ್ ಮತ್ತು ಅಲ್ಲಿನ ಜೀವರಸಾಯನ ವಿಜ್ಞಾನಿ ಎವಾಂಜೆಲಿನಾ ವಿಯ್ಯೇಗಾಸ್ ಅವರು ಮೆತ್ತನೆಯ ಕಾಳುಗಳ ನಡುವೆ ಅಲ್ಲೊಂದು ಇಲ್ಲೊಂದು ಕಾಣುತ್ತಿದ್ದ ಗಟ್ಟಿ ಕಾಳುಗಳನ್ನು ಆರಿಸಿ, ಪ್ರತಿ ಪೀಳಿಗೆಯಲ್ಲೂ ಟ್ರಿಪ್ಟೊಫಾನ್ ಪರೀಕ್ಷಿಸಿ, ವರ್ಷಗಟ್ಟಲೆ ಮುಂದುವರಿಸಿದರು. ಹೀಗೆ ದೊರೆತದ್ದೇ ಕ್ಯೂಪಿಎಂ. 2000ನೆಯ ಇಸವಿಯಲ್ಲಿ ಅವರಿಬ್ಬರಿಗೂ ವಿಶ್ವ ಆಹಾರ ಪ್ರಶಸ್ತಿ ದೊರೆಯಿತು. ಕಾಳು ಗಟ್ಟಿಯಾದದ್ದು ಮಾರ್ಪಾಟು ವಂಶವಾಹಿಗಳಿಂದ. ಅವುಗಳಲ್ಲಿ ಪ್ರಮುಖವಾದದ್ದು ಗಾಮಾ ಝೀನ್ ವಂಶವಾಹಿಯೊಂದರ ಪ್ರತಿ ಹೆಚ್ಚಾಗಿರುವುದು ಎಂದು ಆಮೇಲೆ ತಿಳಿಯಿತು: ಒಳಗಿನ ಆಲ್ಫಾ ಕಡಿಮೆಯೇ ಉಳಿದರೂ ಹೊರಗೋಡೆಯ ಗಾಮಾ ಹೆಚ್ಚಿದ್ದರಿಂದ ಸಂದುಗಳು ತುಂಬಿಕೊಂಡವು. ನಮ್ಮ ದೇಶದಲ್ಲಿ ಶಕ್ತಿಮಾನ್-1, ಎಚ್‌ಕ್ಯೂಪಿಎಂ-1, ವಿವೇಕ್ ಕ್ಯೂಪಿಎಂ-9 ಮೊದಲಾದ ಸಂಕರಣ ತಳಿಗಳು ಈ ದಾರಿಯಲ್ಲಿ ಬಂದವು. ಇವು ಕುಲಾಂತರಿ ತಳಿಗಳಲ್ಲ.

ಹೊಲದಲ್ಲಿ ಗುಣ ಉಳಿಸಿಕೊಳ್ಳುವುದು

ಈ ಭಾಗವನ್ನು ಕ್ಯೂಪಿಎಂ ಬೆಳೆಯುವವರು ಗಮನವಿಟ್ಟು ಓದಬೇಕು. ಕೆಟ್ಟ ಒಪೇಕ್-2 ಒಂದು ದುರ್ಬಲ ಗುಣ. ಭ್ರೂಣಾಹಾರದಲ್ಲಿ ತಾಯಿಯಿಂದ ಬಂದ ಎರಡು ಪ್ರತಿ, ಪರಾಗದಿಂದ ಬಂದ ಒಂದು ಪ್ರತಿ, ಹೀಗೆ ಮೂರು ಪ್ರತಿಗಳಿರುತ್ತವೆ. ಮೂರೂ ಒಪೇಕ್-2 ಮಾದರಿಯವಾಗಿದ್ದರೆ ಮಾತ್ರ ಕಾಳಿನ ಗುಣ ಉಳಿಯುತ್ತದೆ. ಪಕ್ಕದ ಹೊಲದ ಸಾಮಾನ್ಯ ಮೆಕ್ಕೆಜೋಳದ ಪರಾಗ ನಿಮ್ಮ ತೆನೆಯ ಒಂದು ರೇಷ್ಮೆ ಎಳೆಯ ಮೇಲೆ ಬಿದ್ದು ಫಲಿಸಿದರೆ, ಆ ಎಳೆಯ ಕಾಳಿನಲ್ಲಿ ಮೇಸ್ತ್ರಿ ಮರಳಿ ಬಂದಂತೆ. ಝೀನ್ ಮೊದಲಿನಂತೆಯೇ ತುಂಬುತ್ತದೆ. ಇದು ಮುಂದಿನ ಪೀಳಿಗೆಯಲ್ಲಲ್ಲ, ಅದೇ ಹಂಗಾಮಿನ ಅದೇ ತೆನೆಯಲ್ಲಿ ಆಗುತ್ತದೆ. ಸಿಹಿ ಮೆಕ್ಕೆಜೋಳ ಬೆಳೆಯುವವರಿಗೆ ಇದು ಹೊಸದಲ್ಲ: ಸಮೀಪದಲ್ಲಿ ಸಾಮಾನ್ಯ ಮೆಕ್ಕೆಜೋಳವಿದ್ದರೆ ಸಿಹಿ ತೆನೆಯಲ್ಲಿ ಸಪ್ಪೆ ಕಾಳುಗಳು ಕಾಣಿಸಿಕೊಳ್ಳುವುದನ್ನು ಅವರು ನೋಡಿರುತ್ತಾರೆ. ಕ್ಯೂಪಿಎಂನಲ್ಲಿ ಆಗುವುದೂ ಅದೇ. ಕಣ್ಣಿಗೆ ಕಾಣದು ಎಂಬುದಷ್ಟೇ ವ್ಯತ್ಯಾಸ. ಬಿಳಿ ಕಾಳಿನ ಕ್ಯೂಪಿಎಂ ಬೆಳೆದಿದ್ದು ಸುತ್ತ ಹಳದಿ ಮೆಕ್ಕೆಜೋಳವಿದ್ದರೆ ಕಾಣುತ್ತದೆ: ಬಿಳಿ ತೆನೆಯ ನಡುವಿನ ಪ್ರತಿಯೊಂದು ಹಳದಿ ಕಾಳೂ ಹೊರಗಿನ ಪರಾಗದ ಗುರುತು. ಅಂತಹ ಕಾಳುಗಳನ್ನು ಎಣಿಸಿ ನೋಡುವುದು ವಿಸ್ತರಣಾ ಕಾರ್ಯಕರ್ತರು ರೈತರೆದುರು ಸುಲಭವಾಗಿ ಮಾಡಿ ತೋರಿಸಬಹುದಾದ ಪ್ರಾತ್ಯಕ್ಷಿಕೆ.

ಮೆಕ್ಕೆಜೋಳದ ಪರಾಗ ಭಾರವಾದದ್ದು. ಹೆಚ್ಚಿನದು ಸೂಲಂಗಿಯಿಂದ ಕೆಲವೇ ಮೀಟರುಗಳಲ್ಲಿ ಬೀಳುತ್ತದೆ; ಗಾಳಿ ಹಿಡಿದರೆ ಸ್ವಲ್ಪ ಪಾಲು ದೂರಕ್ಕೂ ಹೋಗುತ್ತದೆ. ಪ್ರಮಾಣಿತ ಬೀಜೋತ್ಪಾದನೆಗೆ ಕನಿಷ್ಠ 200 ಮೀಟರ್ ಪ್ರತ್ಯೇಕತಾ ಅಂತರ ಕಡ್ಡಾಯ. ಕಾಳಿಗಾಗಿ ಬೆಳೆಯುವ ಸಣ್ಣ ಹಿಡುವಳಿದಾರರಿಂದ ಅಷ್ಟು ಅಂತರ ಸಾಧ್ಯವಾಗದು ಎಂಬುದು ನನಗೆ ತಿಳಿದಿದೆ. ಅಂತಹವರಿಗೆ ಸಾಧ್ಯವಿರುವ ಕ್ರಮಗಳಿವೆ. ಎಲ್ಲಕ್ಕಿಂತ ಉತ್ತಮವಾದದ್ದು, ಅಕ್ಕಪಕ್ಕದ ನಾಲ್ಕಾರು ರೈತರು ಕೂಡಿ ಒಂದೇ ಕ್ಯೂಪಿಎಂ ತಳಿಯನ್ನು ಒಂದೇ ಪಟ್ಟಿಯಾಗಿ ಬಿತ್ತುವುದು. ಹೊಲ ದೊಡ್ಡದಾದಷ್ಟೂ ತನ್ನದೇ ಪರಾಗ ಹೇರಳವಾಗಿ, ಹೊರಗಿನದರ ಪಾಲು ಕುಗ್ಗುತ್ತದೆ. ಉದ್ದನೆಯ ಕಿರಿದಾದ ತುಂಡಿಗಿಂತ ಚೌಕಾಕಾರದ ತುಂಡು ಮೇಲು. ಪಕ್ಕದವರು ಬಿತ್ತಿದ್ದರೆ ಮೂರು ನಾಲ್ಕು ವಾರ ಬಿಟ್ಟು ಬಿತ್ತಿದಲ್ಲಿ ಹೂ ಬಿಡುವ ಕಾಲ ಬೇರೆಯಾಗುತ್ತದೆ; ನೀರಾವರಿ ಇರುವಲ್ಲಿ ಇದು ಸುಲಭ, ಮಳೆಯಾಶ್ರಿತದಲ್ಲಿ ಇದಕ್ಕಾಗಿ ಬಿತ್ತನೆ ತಡಮಾಡುವುದನ್ನು ನಾನು ಸೂಚಿಸುವುದಿಲ್ಲ. ಮುಂಗಾರಿನಲ್ಲಿ ನಮ್ಮಲ್ಲಿ ಗಾಳಿ ಪಶ್ಚಿಮ ಮತ್ತು ನೈಋತ್ಯದಿಂದ ಬೀಸುವುದರಿಂದ, ನಿಮ್ಮ ಹೊಲದ ಪಶ್ಚಿಮಕ್ಕಿರುವ ಸಾಮಾನ್ಯ ಮೆಕ್ಕೆಜೋಳ ಪೂರ್ವಕ್ಕಿರುವುದಕ್ಕಿಂತ ಹೆಚ್ಚು ತೊಂದರೆ ಕೊಡುತ್ತದೆ. ಆ ಬದಿಯ ಎಂಟು ಹತ್ತು ಸಾಲುಗಳ ತೆನೆಗಳನ್ನು ಬೇರೆಯಾಗಿ ಮುರಿದು ಮಾರಾಟಕ್ಕೆ ಬಳಸಿ, ನಡುವಿನದನ್ನು ಮನೆಗೆ ಅಥವಾ ಕೋಳಿ ಆಹಾರಕ್ಕೆ ಇಟ್ಟುಕೊಳ್ಳಿ.

ಸಂಕರಣ ತಳಿಯ ಕಾಳನ್ನೇ ಮುಂದಿನ ವರ್ಷ ಬಿತ್ತಬಹುದೇ ಎಂದು ಹಲವರು ಕೇಳುತ್ತಾರೆ. ಎರಡೂ ಪೋಷಕ ಸಾಲುಗಳು ಒಪೇಕ್-2 ಆಗಿರುವುದರಿಂದ, ಹೊರಗಿನ ಪರಾಗ ಸೇರದಿದ್ದರೆ ಲೈಸಿನ್ ಗುಣ ಉಳಿದೀತು. ಆದರೆ ಸಂಕರ ಹುರುಪು ಹೋಗಿ ಇಳುವರಿ ಬೀಳುತ್ತದೆ. ಮಾರ್ಪಾಟು ವಂಶವಾಹಿಗಳಲ್ಲಿ ಪೋಷಕರ ನಡುವೆ ವ್ಯತ್ಯಾಸವಿದ್ದರೆ ಅವು ಚೆದುರಿ, ಕೆಲವು ಕಾಳು ಗಟ್ಟಿ, ಕೆಲವು ಮೆತ್ತಗಾಗುತ್ತವೆ. ಪ್ರತಿ ಹಂಗಾಮಿಗೂ ಹೊಸ ಬೀಜ ಕೊಳ್ಳುವುದೇ ಸರಿ. ನಿಮ್ಮ ವಲಯಕ್ಕೆ ಶಿಫಾರಸಾದ ತಳಿ ಯಾವುದೆಂಬುದನ್ನು ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಕಾಳನ್ನು ನೋಡಿ ಕ್ಯೂಪಿಎಂ ಎಂದು ಹೇಳಲಾಗದು. ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ಕಾಳಿನೊಳಗೆ ಬೆಳಕು ಹಾಯುವುದನ್ನು 1ರಿಂದ 5ರ ಅಂಕಗಳಲ್ಲಿ ಗುರುತಿಸುವ ಕ್ರಮ ತಳಿ ವಿಜ್ಞಾನಿಗಳಲ್ಲಿದೆ. ಆದರೆ ಅದು ಗಟ್ಟಿತನವನ್ನಷ್ಟೇ ತಿಳಿಸುತ್ತದೆ. ಚೆನ್ನಾಗಿ ಗಟ್ಟಿಯಾದ ಕ್ಯೂಪಿಎಂ ಕಾಳು ಸಾಮಾನ್ಯ ಕಾಳಿನಂತೆಯೇ ಕಾಣುತ್ತದೆ, ಮೆತ್ತಗಿನ ಕಾಳೆಲ್ಲ ಒಪೇಕ್-2 ಆಗಿರಬೇಕೆಂದೂ ಇಲ್ಲ. ಪೌಷ್ಟಿಕ ಮೆಕ್ಕೆಜೋಳವೆಂದು ಹೆಚ್ಚು ಬೆಲೆ ಹೇಳುವವರಿಂದ ಬೀಜ ಕೊಳ್ಳುವಾಗ ಪ್ರಮಾಣೀಕರಣದ ಚೀಟಿಯನ್ನು ನೋಡಿ, ರಸೀದಿಯನ್ನು ಕೇಳಿ ಪಡೆಯಿರಿ.

ಗೊಬ್ಬರದ ಪ್ರಭಾವ

ಸಾರಜನಕ ಗೊಬ್ಬರ ಹೆಚ್ಚಿಸಿದರೆ ಕಾಳಿನ ಸಸಾರಜನಕ ಹೆಚ್ಚುತ್ತದೆ, ನಿಜ. ಆದರೆ ಸಾಮಾನ್ಯ ಮೆಕ್ಕೆಜೋಳದಲ್ಲಿ ಹೆಚ್ಚುವುದು ಮುಖ್ಯವಾಗಿ ಝೀನ್. ಶೇಕಡಾವಾರು ಏರುತ್ತದೆ, ಅದರೊಳಗಿನ ಲೈಸಿನ್ ಪಾಲು ಇಳಿಯುತ್ತದೆ. ಇಳುವರಿಗಾಗಿ ಶಿಫಾರಸಿನಷ್ಟು ಕೊಡಿ. ಪೌಷ್ಟಿಕತೆ ಹೆಚ್ಚುವುದೆಂದು ಅದಕ್ಕೂ ಮೇಲೆ ಯೂರಿಯಾ ಸುರಿಯಬೇಡಿ. ಗೋಧಿಯಲ್ಲಿ ಗಂಧಕ ಕೊರತೆಯಾದರೆ ಗಂಧಕ ಕಡಿಮೆಯಿರುವ ಗ್ಲಯಾಡಿನ್‌ಗಳೇ ಹೆಚ್ಚಿ ಹಿಟ್ಟಿನ ಗುಣ ಕೆಡುತ್ತದೆ. ಮಣ್ಣು ಪರೀಕ್ಷೆಯಲ್ಲಿ ಗಂಧಕ ಕಡಿಮೆಯೆಂದು ಬಂದರೆ ಅದನ್ನು ಸರಿಪಡಿಸುವುದು ಇದಕ್ಕಾಗಿಯೂ ಅವಶ್ಯಕ.

ಯಾರಿಗೆ ಉಪಯೋಗ?

ಕ್ಯೂಪಿಎಂನ ಲಾಭ ಎಲ್ಲರಿಗೂ ಸಮಾನವಲ್ಲ. ಕೋಳಿ ಮತ್ತು ಹಂದಿಗಳಿಗೆ ನೇರ ಪ್ರಯೋಜನವಿದೆ. ಸೋಯಾ ಹಿಂಡಿ ಅಥವಾ ಲೈಸಿನ್ ಪುಡಿಯ ಮೇಲಿನ ಖರ್ಚನ್ನು ಸ್ವಲ್ಪ ತಗ್ಗಿಸಬಹುದು, ಪೂರ್ತಿ ಬಿಡುವಂತಿಲ್ಲ. ಹಸು, ಎಮ್ಮೆ, ಕುರಿ, ಮೇಕೆಗಳ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳೇ ಅಮೈನೋ ಆಮ್ಲಗಳನ್ನು ತಯಾರಿಸಿಕೊಡುವುದರಿಂದ, ಹೈನು ರಾಸುಗಳಿಗೆ ಕ್ಯೂಪಿಎಂಗಾಗಿ ಹೆಚ್ಚು ಹಣ ಕೊಡುವುದು ಲಾಭದಾಯಕವಲ್ಲ.

ಮನೆಯ ಊಟದಲ್ಲಿ ರೊಟ್ಟಿಯ ಜೊತೆ ಕಾಳು ಪಲ್ಯ, ಮುದ್ದೆಯ ಜೊತೆ ಹುರುಳಿ ಸಾರು ಇರುವವರೆಗೆ ಲೈಸಿನ್ ಕೊರತೆ ಬಹುಮಟ್ಟಿಗೆ ನೀಗುತ್ತದೆ. ಬೇಳೆಕಾಳುಗಳಲ್ಲಿ ಲೈಸಿನ್ ಧಾರಾಳವಾಗಿದೆ. ಬೇಳೆಯ ಬೆಲೆ ಏರಿ ಸಾರು ತೆಳ್ಳಗಾದ ಮನೆಗಳಲ್ಲಿ, ಅದರಲ್ಲೂ ಹಾಲು ಬಿಟ್ಟು ಗಂಜಿ ತಿನ್ನಲು ಆರಂಭಿಸಿದ ಮಕ್ಕಳಿಗೆ, ಕಾಳಿನ ಸಸಾರಜನಕದ ಗುಣ ನಿಜಕ್ಕೂ ಮುಖ್ಯವಾಗುತ್ತದೆ. ಅಂತಹ ಗಂಜಿಗೆ ಮೆಕ್ಕೆಜೋಳ ಬಳಸುವವರು ಭ್ರೂಣ ತೆಗೆದ ನುಣುಪು ರವೆಯ ಬದಲು ಇಡೀ ಕಾಳಿನ ಹಿಟ್ಟನ್ನು ಬಳಸಲಿ. ಸಾಮಾನ್ಯ ಮೆಕ್ಕೆಜೋಳದಲ್ಲಿಯೂ ಭ್ರೂಣದ ಸಸಾರಜನಕ ಉತ್ತಮ ಗುಣದ್ದೇ. ಆದರೆ ಭ್ರೂಣದಲ್ಲಿ ಎಣ್ಣೆಯಿರುವುದರಿಂದ ಈ ಹಿಟ್ಟು ಬೇಗ ಕಮಟು ಹಿಡಿಯುತ್ತದೆ. ಒಮ್ಮೆಗೆ ಹತ್ತು ಹದಿನೈದು ದಿನಕ್ಕಾಗುವಷ್ಟನ್ನೇ ಬೀಸಿಸಿ.

ಕಾಳಿನ ಗುಣ ಖಚಿತಪಡಿಸಿಕೊಳ್ಳಲು ಪ್ರಯೋಗಾಲಯದಲ್ಲಿ ಟ್ರಿಪ್ಟೊಫಾನ್ ಪರೀಕ್ಷೆ ಮಾಡಿಸಬಹುದು; ಲೈಸಿನ್ ಸಾಮಾನ್ಯವಾಗಿ ಅದರ ನಾಲ್ಕು ಪಟ್ಟಿನ ಆಸುಪಾಸಿನಲ್ಲಿರುತ್ತದೆ. ಮಾದರಿ ತೆಗೆಯುವಾಗ ಅಂಚಿನ ಸಾಲು ಮತ್ತು ನಡುವಿನ ಸಾಲುಗಳ ತೆನೆಗಳನ್ನು ಬೆರೆಸದೆ, ಹತ್ತಿಪ್ಪತ್ತು ತೆನೆಗಳ ನಡುಭಾಗದ ಕಾಳುಗಳನ್ನು ಬಿಡಿಸಿ, ನೆರಳಿನಲ್ಲಿ ಒಣಗಿಸಿ, ಎರಡು ಬೇರೆ ಬೇರೆ ಚೀಲಗಳಲ್ಲಿ ತಳಿಯ ಹೆಸರು, ಬಿತ್ತನೆಯ ದಿನಾಂಕ ಮತ್ತು ಸುತ್ತಲಿನ ಹೊಲಗಳ ಬೆಳೆಯನ್ನು ಬರೆದು ಕಳುಹಿಸಿ.